ಒಂದು ಮನೆ, ಎರಡು ಒಲೆ

ಅಣ್ಣತಮ್ಮಂದಿರು ಪಾಲಾದ ಮಾತ್ರಕ್ಕೆ ಹಿರಿಯರು ಕಟ್ಟಿಸಿದ ಮನೆಯನ್ನು ಕೆಡವಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಮಲೆನಾಡಿನಲ್ಲಿ ಎಷ್ಟೋ ಮನೆಗಳವರು ನಡುವೆ ಒಂದು ಗೋಡೆಯನ್ನೆಬ್ಬಿಸಿ, ಒಲೆಗಳನ್ನು ಎರಡು ಮಾಡಿಕೊಂಡು, ಹೆಬ್ಬಾಗಿಲನ್ನು ಮಾತ್ರ ಒಂದಾಗಿಯೇ ಉಳಿಸಿಕೊಂಡು ಸುಖವಾಗಿ ಬಾಳಿರುವುದನ್ನು ವಾಚಕರು ಬಲ್ಲರು. ಪಾಲುಪತ್ರದಲ್ಲಿ ಚಕ್ಕುಬಂದಿಯು ಸರಿಯಾಗಿದ್ದು, ಯಾವ ಕೋಣೆ ಯಾರದೆಂಬುದು ಸ್ಪಷ್ಟವಾಗಿದ್ದರೆ ಜಗಳಕ್ಕೆ ಎಡೆಯಿರುವುದಿಲ್ಲ. ಈ ಹಳೆಯ ವಿವೇಕವನ್ನು ನಾವು ನಮ್ಮ ಮನೆಯ ಗಣಕಯಂತ್ರದ ವಿಷಯದಲ್ಲಿ ಉಪಯೋಗಿಸಬೇಕಾಗಿ ಬಂದಿತು. ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ನೆಲೆಗೊಳಿಸಿದ ಆ ಸಂಗತಿಯು ಇತರ ಗೃಹಸ್ಥರಿಗೂ ಪ್ರಯೋಜನಕಾರಿಯಾದೀತೆಂದು ಇಲ್ಲಿ ನಿರೂಪಿಸುತ್ತೇವೆ.

ಕಾರ್ಯಾಚರಣ ವ್ಯವಸ್ಥೆಯೆಂದರೆ ಏನು? ಕಾಫಿ ತೋಟಕ್ಕೆ ರೈಟರು ಇರುವಂತೆ ಗಣಕಯಂತ್ರಕ್ಕೆ ಅದು. ಯಾರಿಗೆ ಯಾವ ಕೆಲಸವೆಂದು ಹಂಚುವುದು, ಉಗ್ರಾಣದಲ್ಲಿ ಯಾವ ಸಾಮಾನು ಎಲ್ಲಿದೆಯೆಂದು ನೆನಪಿಡುವುದು, ಹೊರಗಿನವರು ಒಳಗೆ ನುಗ್ಗದಂತೆ ನೋಡಿಕೊಳ್ಳುವುದು, ಇವೆಲ್ಲ ಆ ಮೂಲ ತಂತ್ರಾಂಶದ ಹೊಣೆ. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ವಿಂಡೋಸ್. ಫಿನ್‌ಲೆಂಡ್ ದೇಶದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು 1991ರಲ್ಲಿ ಆರಂಭಿಸಿ, ಲೋಕದ ಅಸಂಖ್ಯ ಜನರು ಕೈಗೂಡಿಸಿ ಬೆಳೆಯಿಸಿದ ಲಿನಕ್ಸ್ ಎಂಬುದು ಮತ್ತೊಂದು. ಇದಕ್ಕೆ ಬೆಲೆ ಕೊಡಬೇಕಾಗಿಲ್ಲ. ಬೇಕಾದವರು ಇಳಿಸಿಕೊಳ್ಳಬಹುದು, ನೆರೆಯವರಿಗೂ ಕೊಡಬಹುದು.

ನಮ್ಮ ತೋಟವಿರುವುದು ಕಳಸದ ಕಡೆಯಲ್ಲಿ. ನಮ್ಮ ತೀರ್ಥರೂಪರು 2006ರಿಂದ ತಮ್ಮ ಕಡೆಯ ಮಳೆಗಾಲದವರೆಗೆ ತೋಟದ ಲೆಕ್ಕವನ್ನೆಲ್ಲ ಗಣಕಯಂತ್ರದಲ್ಲಿ ತಮ್ಮ ಕೈಯಿಂದಲೇ ಬರೆದಿಟ್ಟವರು. ಆಳುಗಳ ಚೆಕ್‌ರೋಲು, ಕೊಯ್ಲಿನ ಲೆಕ್ಕ, ಮೆಣಸಿನ ಮಾರಾಟ, ಇವುಗಳಿಗಿಂತ ಮಿಗಿಲಾಗಿ ಮಳೆಯ ಲೆಕ್ಕ. ಪ್ರತಿದಿನ ಬೆಳಗಿನ 8:30ಕ್ಕೆ ಅಂಗಳದ ಮಳೆಮಾಪಕವನ್ನು ನೋಡಿ, ಇಂಚು ಸೆಂಟುಗಳಲ್ಲಿ ನಮೂದಿಸದೆ ಅವರು ಕಾಫಿ ಕುಡಿಯುತ್ತಿರಲಿಲ್ಲ. ಹೂಮಳೆ ಯಾವ ದಿನ ಬಿದ್ದಿತು, ಅದರ ಹಿಂದೆ ಕಾಯಿ ನಿಲ್ಲಿಸುವ ಮಳೆ ಎಷ್ಟು ದಿನಕ್ಕೆ ಬಂದಿತು, ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆಯ ನೀರು ಎಂದು ಹರಿಯಿತು, ಎಲ್ಲವೂ ಅದರಲ್ಲಿ ಉಂಟು. 2019ರ ಆಗಸ್ಟಿನಲ್ಲಿ ಮೂಡಿಗೆರೆ, ಕಳಸದ ಭಾಗಗಳಲ್ಲಿ ಗುಡ್ಡಗಳು ಕುಸಿದ ದಿನಗಳ ನಮೂದೂ ಇದೆ. ನಮಗೆ ಇದು ಆಸ್ತಿಪತ್ರಕ್ಕೆ ಕಡಿಮೆಯಾದುದಲ್ಲ. ತುಂತುರು ನೀರಾವರಿಗೆ ಕೊಳವೆಗಳನ್ನು ಎಂದು ಹೂಡಬೇಕು, ಗೊಬ್ಬರವನ್ನು ಎಂದು ಹಾಕಬೇಕು ಎಂಬುದನ್ನು ಈಗಲೂ ನಾವು ಅದನ್ನು ನೋಡಿಯೇ ನಿಶ್ಚಯಿಸುವುದು.

ಆ ಲೆಕ್ಕವಿರುವ ಯಂತ್ರವು 2016ರದು. ಅದರಲ್ಲಿ ವಿಂಡೋಸ್ 10 ಇದ್ದಿತು. ಅದಕ್ಕೆ ಸಾಮಾನ್ಯವಾಗಿ ದೊರೆಯುತ್ತಿದ್ದ ರಕ್ಷಣಾ ಪರಿಷ್ಕರಣಗಳು 2025ರ ಅಕ್ಟೋಬರ್ 14ರಂದು ಮುಗಿದವು. ಹೆಸರು ನೊಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ರಕ್ಷಣೆಯನ್ನು ಸಾರಿದ್ದರೂ ಅದು ಗಡುವನ್ನು ಮುಂದೂಡಿದಂತೆಯೇ ಹೊರತು ನೀಗಿದಂತಲ್ಲ. ಅದರ ಮುಂದಿನ ವಿಂಡೋಸ್ 11 ಎಂಬುದು 2021ರಲ್ಲಿ ಹೊರಬಂದಿತಾದರೂ, ಅದು ಕೇಳುವ ಭದ್ರತಾ ಚಿಪ್ಪು ಮೊದಲಾದವು ನಮ್ಮ ಯಂತ್ರದಲ್ಲಿಲ್ಲ. ಪರಿಷ್ಕರಣವಿಲ್ಲದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರವನ್ನು ನಡೆಸುವುದು ಬೇಲಿ ಮುರಿದ ತೋಟದಲ್ಲಿ ಮೆಣಸನ್ನು ಒಣಗಹಾಕಿದಂತೆ.

ಪೇಟೆಯ ರಿಪೇರಿಯವರೊಬ್ಬರು ಯಂತ್ರವನ್ನು ನೋಡಿ, “ಇದರಲ್ಲಿರುವುದನ್ನೆಲ್ಲ ಅಳಿಸಿ ಹೊಸದನ್ನು ಹಾಕಿಕೊಡುತ್ತೇನೆ ಸ್ವಾಮಿ, ಒಂದು ಗಂಟೆಯ ಕೆಲಸ,” ಎಂದರು. ಮನೆಗೆ ಬಂದು ಈ ಮಾತನ್ನು ಹೇಳಿದಾಗ ನಮ್ಮ ಮಾತೋಶ್ರೀಯವರು ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿ, “ಹಾಗಾದರೆ ನಿಮ್ಮ ಅಪ್ಪಯ್ಯ ಬರೆದದ್ದು ಏನಾಯ್ತು?” ಎಂದು ಕೇಳಿದರು. ಪಟ್ಟಣದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದು ರಜಕ್ಕೆ ಬಂದಿದ್ದ ನಮ್ಮ ಮಗನು, “ಅದನ್ನು ಬೇರೆ ಕಡೆ ನಕಲು ಮಾಡಿ ಇಡಬಹುದು ಅಜ್ಜಿ,” ಎಂದನು. “ಇಟ್ಟರೆ ಸಾಕೋ, ಓದಲಿಕ್ಕೆ ಬರಬೇಡವೋ?” ಎಂದು ಅವರು ಮರುಪ್ರಶ್ನೆ ಹಾಕಿದರು. ಆ ಪ್ರಶ್ನೆಯಲ್ಲಿಯೇ ಇಡೀ ವಿಷಯದ ತಿರುಳು ಅಡಗಿದ್ದಿತು.

ಏಕೆಂದರೆ ತೀರ್ಥರೂಪರು ಬರೆದುದು ನುಡಿ ತಂತ್ರಾಂಶದಲ್ಲಿ. ಕನ್ನಡ ಗಣಕ ಪರಿಷತ್ತಿನವರು ರೂಪಿಸಿ, ನಮ್ಮ ರಾಜ್ಯ ಸರ್ಕಾರವು ಕಚೇರಿಗಳಲ್ಲಿ ಬಳಕೆಗೆ ತಂದ ಈ ತಂತ್ರಾಂಶದಿಂದ ಕನ್ನಡಕ್ಕೆ ಆದ ಉಪಕಾರವು ದೊಡ್ಡದು. ಆದರೆ ಅದರ ಹಳೆಯ ಆವೃತ್ತಿಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂಡಿಸಿದ್ದರು. ಆ ಅಕ್ಷರರೂಪವಿರುವ ಯಂತ್ರದಲ್ಲಿ ‘ಮಳೆ’ ಎಂಬುದು ಮಳೆಯಾಗಿಯೇ ಕಾಣುವುದು. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುವುದು. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವುಂಟು. ಆದರೆ ಅದು ಎಲ್ಲರ ರೂಢಿಗೆ ಬರುವುದಕ್ಕೆ ಬಹಳ ವರ್ಷಗಳು ಹಿಡಿದವು. ಈ ನಡುವಣ ಕಾಲದಲ್ಲಿ ಬರೆದ ಕನ್ನಡವೆಲ್ಲ ಹೀಗೆ ಒಂದೊಂದು ತಂತ್ರಾಂಶದ ಆಶ್ರಯದಲ್ಲಿಯೇ ಉಳಿಯಿತು.

ಇದು ನಮ್ಮ ಗುಡ್ಡಗಳಿಗೆ ಹೊಸ ಚಿಂತೆಯೇನಲ್ಲ. ಮೂಡಿಗೆರೆಯ ತಮ್ಮ ತೋಟದಲ್ಲಿ ನೆಲೆಸಿದ್ದು 2007ರ ಏಪ್ರಿಲ್ 5ರಂದು ಗತಿಸಿದ ಪೂರ್ಣಚಂದ್ರ ತೇಜಸ್ವಿಯವರು, ಗಣಕಯಂತ್ರದಲ್ಲಿ ಕನ್ನಡವು ಹಿಂದುಳಿದರೆ ಭಾಷೆಗೇ ಕೇಡೆಂದು ತಮ್ಮ ಕಡೆಯ ವರ್ಷಗಳಲ್ಲಿ ಎಚ್ಚರಿಸುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕುವೆಂಪು ಹೆಸರಿನ ಕನ್ನಡ ತಂತ್ರಾಂಶವು ಹೊರಬರುವುದಕ್ಕೆ ಅವರ ಒತ್ತಾಸೆಯಿದ್ದಿತು. ಸಾಹಿತಿಗಳ ಆ ಚಿಂತೆಯು ಈಗ ನಮ್ಮಂಥ ಸಾಮಾನ್ಯ ಗೃಹಸ್ಥರ ಮನೆಯ ಲೆಕ್ಕದ ಪುಸ್ತಕದವರೆಗೆ ಬಂದು ನಿಂತಿದೆ.

ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಂಟು. ಆದರೂ ಒತ್ತಕ್ಷರಗಳಲ್ಲಿಯೂ ಅಂಕಣಗಳಲ್ಲಿಯೂ ಅಲ್ಲಲ್ಲಿ ತಪ್ಪು ನುಸುಳುವುದರಿಂದ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡುವವರೆಗೆ ಮೂಲವು ಬೇಕೇ ಬೇಕು. ಅಕ್ಷರರೂಪವನ್ನು ಮಾತ್ರ ಲಿನಕ್ಸಿಗೆ ಒಯ್ದು ಓದಬಹುದಾದರೂ, ತೀರ್ಥರೂಪರು ಬಳಸಿದ ತಂತ್ರಾಂಶವು ವಿಂಡೋಸಿಗಾಗಿ ರಚಿತವಾದುದು. ತಿದ್ದಬೇಕಾದರೆ ಅದೇ ಬೇಕು. ಒಂದು ವ್ಯವಸ್ಥೆಯ ಒಡಲಿನಲ್ಲಿಯೇ ಇನ್ನೊಂದನ್ನು ನಡೆಸುವ ಉಪಾಯವೂ ಇದೆ. ನಮ್ಮ ಹಳೆಯ ಯಂತ್ರಕ್ಕೆ ಅಷ್ಟು ತ್ರಾಣವಿಲ್ಲ. ಆದಕಾರಣ ನಾವು ಮಾಡಿದ ನಿರ್ಧಾರವಿದು: ವಿಂಡೋಸ್ ಇದ್ದಲ್ಲಿಯೇ ಇರಲಿ, ಅಂತರ್ಜಾಲದ ಸಂಪರ್ಕವಿಲ್ಲದೆ ಹಳೆಯ ಲೆಕ್ಕವನ್ನು ಕಾಯ್ದುಕೊಂಡಿರಲಿ, ಪಕ್ಕದಲ್ಲಿ ಲಿನಕ್ಸನ್ನು ಹೂಡಿ, ಬ್ಯಾಂಕು, ಪತ್ರವ್ಯವಹಾರ, ಮಕ್ಕಳ ವಿದ್ಯಾಭ್ಯಾಸ ಇವೆಲ್ಲ ಅದರಲ್ಲಿ ನಡೆಯಲಿ.

ಈ ಕೆಲಸಕ್ಕೆ ಮಳೆಗಾಲವು ತಕ್ಕುದಲ್ಲ. ನಮ್ಮಲ್ಲಿ ಮರ ಬಿದ್ದು ತಂತಿ ಹರಿದರೆ ವಿದ್ಯುತ್ತು ಬರುವುದು ಎಷ್ಟು ದಿನಕ್ಕೋ ಹೇಳುವಂತಿಲ್ಲ. ಪಾಲು ಮಾಡುತ್ತಿರುವ ನಡುವೆ ಯಂತ್ರವು ಆರಿದರೆ ಇದ್ದುದೆಲ್ಲ ಕೆಡಬಹುದು. ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾಕ್ಕೆ ಕೈಹಾಕುವ ಮೊದಲಿನ ಬಿಡುವಿನಲ್ಲಿ, ಯು.ಪಿ.ಎಸ್. ಪೆಟ್ಟಿಗೆಯ ಬ್ಯಾಟರಿಯನ್ನು ಪರೀಕ್ಷಿಸಿಕೊಂಡು, ನಾವು ಆರಂಭಿಸಿದೆವು. ಮೊದಲನೆಯ ದಿನವೆಲ್ಲ ನಕಲು ತೆಗೆಯುವುದಕ್ಕೇ ಹೋಯಿತು. ತೀರ್ಥರೂಪರ ಕಡತಗಳನ್ನೂ ಅಕ್ಷರರೂಪಗಳನ್ನೂ ಎರಡು ಹೊರಡಿಸ್ಕುಗಳಿಗೆ ಇಳಿಸಿ, ಒಂದನ್ನು ಮನೆಯ ಬೀರುವಿನಲ್ಲಿಟ್ಟು, ಇನ್ನೊಂದನ್ನು ಚಿಕ್ಕಮಗಳೂರಿನ ನಮ್ಮ ತಂಗಿಯ ಮನೆಗೆ ಕಳುಹಿಸಿದೆವು. ಮಳೆಯ ಲೆಕ್ಕವನ್ನು ಕಾಗದದ ಮೇಲೂ ಮುದ್ರಿಸಿಕೊಂಡೆವು. ಇಷ್ಟಾಗುವವರೆಗೆ ಬೇರೆ ಯಾವುದನ್ನೂ ಮುಟ್ಟತಕ್ಕದ್ದಲ್ಲ.

ಎರಡನೆಯ ದಿನ ಚಕ್ಕುಬಂದಿ. ನಮ್ಮ ಹಾರ್ಡ್‌ಡಿಸ್ಕು 500 ಜಿ.ಬಿ.ಯದು. ವಿಂಡೋಸಿನೊಳಗೇ ಇರುವ ಡಿಸ್ಕ್ ನಿರ್ವಹಣೆಯ ಸಾಧನದಿಂದ ಅದರ ಪಾಲನ್ನು ಕುಗ್ಗಿಸಿ, 100 ಜಿ.ಬಿ.ಯಷ್ಟು ಸ್ಥಳವನ್ನು ಬರಿದುಮಾಡಿದೆವು. ಲಿನಕ್ಸಿಗೆ ಇದು ಧಾರಾಳವಾಯಿತು. ಈ ಹಂತದಲ್ಲಿ ಎರಡು ಎಚ್ಚರಗಳು ಅವಶ್ಯ. ವಿಂಡೋಸಿಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಅಭ್ಯಾಸವುಂಟು. ಯಂತ್ರವನ್ನು ಆರಿಸಿದರೂ ಅದು ಪೂರ್ತಿ ನಿದ್ದೆಹೋಗದೆ ಕಡತಗಳನ್ನು ಅರ್ಧ ಹಿಡಿದುಕೊಂಡೇ ಇರುವುದು. ಅಂಥ ವೇಳೆಯಲ್ಲಿ ಇನ್ನೊಂದು ವ್ಯವಸ್ಥೆಯು ಆ ಪಾಲಿಗೆ ಕೈಹಾಕಿದರೆ ಕೆಡುಕಾಗಬಹುದಾದ್ದರಿಂದ ಆ ಅಭ್ಯಾಸವನ್ನು ಬಿಡಿಸಬೇಕು. ಎರಡನೆಯದು, ಕೆಲವು ಯಂತ್ರಗಳಲ್ಲಿ ಡಿಸ್ಕಿಗೆ ‘ಬಿಟ್‌ಲಾಕರ್’ ಎಂಬ ಬೀಗ ಹಾಕಿರುವುದು; ಅದರ ಮರುಪ್ರಾಪ್ತಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳದೆ ಮುಂದುವರಿದರೆ ಮನೆಯ ಯಜಮಾನನೇ ಹೊರಗೆ ನಿಲ್ಲಬೇಕಾದೀತು.

ಮೂರನೆಯ ದಿನ ಲಿನಕ್ಸ್. ಅದರಲ್ಲಿ ಅನೇಕ ಬಗೆಗಳುಂಟು; ಹಳೆಯ ಯಂತ್ರಕ್ಕೆ ಹಗುರವೆಂದು ನಾವು ಲಿನಕ್ಸ್ ಮಿಂಟನ್ನು ಆರಿಸಿ, ಮಗನ ಕೈಯಿಂದ ಪೆನ್‌ಡ್ರೈವಿಗೆ ಏರಿಸಿದೆವು. ಡಿಸ್ಕನ್ನು ಮುಟ್ಟದೆಯೇ ಪೆನ್‌ಡ್ರೈವಿನಿಂದ ಅದನ್ನು ನಡೆಸಿ ನೋಡಬಹುದೆಂಬುದು ಒಂದು ದೊಡ್ಡ ಅನುಕೂಲ. ಪರದೆ, ಮುದ್ರಕ, ಅಂತರ್ಜಾಲಗಳೆಲ್ಲ ಸರಿಯಾಗಿ ನಡೆಯುವುವೆಂದು ಕಂಡ ಮೇಲೆಯೇ ಸ್ಥಾಪನೆಗೆ ತೊಡಗಿದೆವು. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಬರುವುದು: ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸಲೋ, ಡಿಸ್ಕನ್ನೆಲ್ಲ ಅಳಿಸಿ ಸ್ಥಾಪಿಸಲೋ? ಇವೆರಡು ಸಾಲುಗಳೂ ಒಂದರ ಕೆಳಗೊಂದಿರುವುವು. ಒಂದು ಬೆರಳಿನ ಅಂತರದಲ್ಲಿ ಒಂದು ತಲೆಮಾರಿನ ಲೆಕ್ಕವು ಉಳಿಯುವುದು ಅಥವಾ ಅಳಿಯುವುದು. ಮಗನು ಕೈ ತಡೆದು ಆ ಸಾಲನ್ನು ನಮಗೆ ಗಟ್ಟಿಯಾಗಿ ಓದಿಹೇಳಿ, ನಾವು ‘ಹೂಂ’ ಎಂದ ಮೇಲೆಯೇ ಒತ್ತಿದನು. ಇದನ್ನು ಒಬ್ಬರೇ ಕುಳಿತು ಮಾಡದೆ ಇಬ್ಬರು ಕುಳಿತು ಮಾಡುವುದು ಲೇಸು. ಮತ್ತೊಂದು ಮಾತು: ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ, ಇದೇ ಸುಲಭದ ಕ್ರಮ, ಹಿಂದುಮುಂದಾದರೆ ವಿಂಡೋಸ್ ಹೆಬ್ಬಾಗಿಲನ್ನು ತನ್ನದೆಂದೇ ಮಾಡಿಕೊಳ್ಳುವುದುಂಟು.

ಸ್ಥಾಪನೆ ಮುಗಿದ ಮೇಲೆ ಯಂತ್ರವನ್ನು ಹಚ್ಚಿದಾಗಲೆಲ್ಲ ‘ಗ್ರಬ್’ ಎಂಬ ಚಿಕ್ಕ ತಂತ್ರಾಂಶವು ಬಾಗಿಲಲ್ಲಿ ನಿಂತು, ಯಾವ ಕಡೆಗೆ ಹೋಗುವಿರೆಂದು ಕೇಳಿ, ಕೆಲವು ಸೆಕೆಂಡು ಕಾದು, ಹೇಳಿದ ಕಡೆಗೆ ಒಯ್ಯುವುದು. ಲಿನಕ್ಸಿನಿಂದ ವಿಂಡೋಸಿನ ಪಾಲನ್ನು ನೋಡಬಹುದು. ವಿಂಡೋಸಿನಿಂದ ಲಿನಕ್ಸಿನ ಪಾಲು ಸಾಮಾನ್ಯವಾಗಿ ಕಾಣುವುದಿಲ್ಲ. ನಾವು ತೀರ್ಥರೂಪರ ಕಡತಗಳು ಆ ಕಡೆಯಿಂದ ಓದುವುದಕ್ಕೆ ಮಾತ್ರ ದೊರೆಯುವಂತೆ ಏರ್ಪಡಿಸಿದ್ದೇವೆ. ಲಿನಕ್ಸಿನಲ್ಲಿ ಕನ್ನಡ ಬರೆಯುವುದಕ್ಕೆ ‘ಕಗಪ’ ಕೀಲಿಮಣೆ ವಿನ್ಯಾಸವು ದೊರೆಯುವುದರಿಂದ, ನುಡಿಯಲ್ಲಿ ಪಳಗಿದ ಬೆರಳುಗಳಿಗೆ ತೊಡಕಾಗಲಿಲ್ಲ.

ಇಷ್ಟಾದ ಮೇಲೆ ಒಂದು ವಿನೋದವು ನಡೆಯಿತು. ಮರುದಿನ ಬೆಳಗಿನ 8:30ಕ್ಕೆ ವಿಂಡೋಸನ್ನು ತೆರೆದರೆ ಗಡಿಯಾರವು 3 ಗಂಟೆಯೆಂದಿತು. ಕಾರಣವಿಷ್ಟೆ: ಯಂತ್ರದೊಳಗಿನ ಗಡಿಯಾರವು ಸ್ಥಳೀಯ ಕಾಲದಲ್ಲಿದೆಯೆಂದು ವಿಂಡೋಸ್ ನಂಬುವುದು, ಲಿನಕ್ಸಾದರೋ ಅದನ್ನು ಸಾರ್ವತ್ರಿಕ ಕಾಲಕ್ಕೆ ತಿರುಗಿಸಿಡುವುದು. ನಮ್ಮ ದೇಶದ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದಷ್ಟೆ. ನಮ್ಮ ವಿಂಡೋಸಿಗೆ ಅಂತರ್ಜಾಲವಿಲ್ಲದ ಕಾರಣ ತಾನಾಗಿ ತಿದ್ದಿಕೊಳ್ಳುವ ದಾರಿಯೂ ಇರಲಿಲ್ಲ. ಸ್ಥಳೀಯ ಕಾಲವನ್ನೇ ಇಟ್ಟುಕೊಳ್ಳೆಂದು ಲಿನಕ್ಸಿಗೆ ಒಂದು ಆಜ್ಞೆಯನ್ನು ಕೊಟ್ಟು, ವಿಂಡೋಸಿನಲ್ಲಿ ವೇಳೆಯನ್ನು ಸರಿಪಡಿಸಿದ ಮೇಲೆ ಎರಡು ಒಲೆಯವರಿಗೂ ಒಂದೇ ಹೊತ್ತಾಯಿತು.

ಈಗ ಮಳೆಯ ದಿನನಿತ್ಯದ ನಮೂದು ಲಿನಕ್ಸಿನಲ್ಲಿ, ಯೂನಿಕೋಡ್ ಕನ್ನಡದಲ್ಲಿ ನಡೆಯುತ್ತಿದೆ. ಭಾನುವಾರಗಳಲ್ಲಿ ಹಳೆಯ ಲೆಕ್ಕದ ಒಂದೊಂದು ವರ್ಷವನ್ನು ಪರಿವರ್ತಿಸಿ, ಮುದ್ರಿಸಿದ ಪ್ರತಿಯನ್ನು ಮಾತೋಶ್ರೀಯವರ ಕೈಗೆ ಕೊಡುತ್ತೇವೆ. ಅವರು ಕನ್ನಡಕ ಹಾಕಿಕೊಂಡು ಓದುತ್ತಾರೆ, ನಾವು ಪರದೆಯ ಮೇಲೆ ತಾಳೆ ನೋಡುತ್ತೇವೆ. ಹೀಗೆ 2011ರವರೆಗಿನ ಲೆಕ್ಕವು ಮುಗಿದಿದೆ. ಎಲ್ಲವೂ ಮುಗಿದ ದಿನ ವಿಂಡೋಸಿನ ಪಾಲು ಅವಶ್ಯವಿಲ್ಲದೆ ಹೋಗಬಹುದು; ಅದನ್ನು ಆಗ ಯೋಚಿಸಿದರಾಯಿತು.

ಹಳೆಯ ಯಂತ್ರಗಳನ್ನು ಇಟ್ಟುಕೊಂಡಿರುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೆ. ಅಳಿಸಿ ಹಾಕೋಣವೆಂದು ಯಾರಾದರೂ ಹೇಳಿದೊಡನೆ ಒಪ್ಪಬೇಡಿರಿ. ಅದರೊಳಗೆ ಏನಿದೆ, ಅದನ್ನು ಓದುವುದಕ್ಕೆ ಯಾವುದು ಬೇಕು ಎಂಬುದನ್ನು ಮೊದಲು ವಿಚಾರಿಸಿರಿ. ನಕಲು ತೆಗೆದಿಡಿರಿ, ಯಾವ ಪಾಲು ಎಷ್ಟು, ಯಾವುದರಲ್ಲಿ ಏನಿದೆ, ಗುಪ್ತಪದಗಳು ಯಾವುವು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆಗಿಡಿರಿ. ಮನೆಯವರೆಲ್ಲರಿಗೂ ಆ ಕಾಗದವಿರುವ ಸ್ಥಳವು ಗೊತ್ತಿರಲಿ; ಮತ್ತು ಈ ಕೆಲಸವೆಲ್ಲ ಮಳೆ ಹಿಡಿಯುವುದಕ್ಕೆ ಮೊದಲೇ ಮುಗಿಯಲಿ.