ಗೊಂಬೆಯ ರವಿಕೆ

ನಾವು ಕೇರಿಯ ಹೆಂಗಸರು, ಐದು ಜನ. ಕೂಲಿ ಮುಗಿಸಿ, ಮುದ್ದೆ ತೊಳಸಿಟ್ಟು, ಸಂಜೆ ಒಬ್ಬರ ಜಗುಲಿ ಮೇಲೆ ಸೇರುತ್ತೇವೆ. ಕೈಯಲ್ಲಿ ಒಂದೊಂದು ಕ್ರೋಶಾ ಕಡ್ಡಿ. ಹೆಣೆಯುವುದು ಗೊಂಬೆ. ಪೇಟೆಯ ಅಂಗಡಿಯವನೊಬ್ಬ ನೂಲು ಕೊಡುತ್ತಾನೆ, ಗೊಂಬೆಗೆ ಇಷ್ಟು ಅಂತ ಕಾಸು ಕೊಡುತ್ತಾನೆ. ಗೇಣುದ್ದದ ಸ್ಕೂಲ್ ಹುಡುಗಿ. ಎರಡು ಜಡೆ, ಲಂಗ, ಮೇಲೊಂದು ನೀಲಿ ಕೋಟು. ಬಟ್ಟೆಯನ್ನು ಹಾಕಬಹುದು, ತೆಗೆಯಬಹುದು.

ಸುಲಭದ ಕೆಲಸ ಅಂದುಕೊಳ್ಳಬೇಡಿ. ತಲೆ ಶುರುವಾಗುವುದು 6 ಹೆಣಿಗೆಯ ಉಂಗುರದಿಂದ. ಎರಡನೇ ಸುತ್ತಿಗೆ 12, ಮೂರಕ್ಕೆ 18. ಹೀಗೆ ಏರಿಸಿ, ಕೆಲವು ಸುತ್ತು ಸಮ ಇಟ್ಟು, ಮತ್ತೆ ಇಳಿಸಬೇಕು. ಬಾಯಿ ಕಟ್ಟುವ ಮುಂಚೆ ಹತ್ತಿ ತುರುಕಬೇಕು. ಹೆಣಿಗೆ ಸಡಿಲವಾದರೆ ಹತ್ತಿ ಇಣುಕುತ್ತದೆ. ಕೋಟಿನ ಲೆಕ್ಕವೇ ಬೇರೆ. ಗೊಂಬೆಯ ತಲೆ ಮೈಗಿಂತ ದಪ್ಪ, ಮೇಲಿಂದ ತೂರಿಸಲಾಗದು. ಅದಕ್ಕೆ ಕೊರಳಿಂದ ಕೆಳಕ್ಕೆ ಸಾಲು ಸಾಲಾಗಿ ಹೆಣೆದು ಮುಂದೆ ತೆರೆದೇ ಬಿಡುತ್ತೇವೆ. ತೋಳಿನ ಕಡೆ ಕೆಲವು ಹೆಣಿಗೆ ಬಿಟ್ಟು, ಸರಪಳಿ ಹಾಕಿ ದಾಟುತ್ತೇವೆ.

ಮೊದಲ ಗೊಂಬೆ ಮುಗಿದ ದಿನ ಕೇರಿಯ ಹಿರಿಯಜ್ಜಿ ಬಂದು ಅದನ್ನು ಕೈಗೆತ್ತಿಕೊಂಡಳು. ಕೋಟು ಬಿಚ್ಚಿದಳು. ಲಂಗ ಎಳೆದಳು. ಒಳಗೆ ಬರೀ ಮೈಬಣ್ಣದ ನೂಲು.

"ಇದ್ಯಾಕ್ರವ್ವಾ ಬೆತ್ಲೆ ಮಡಗಿದ್ದೀರಿ?"

"ಗೊಂಬೆ ಕನಜ್ಜಿ. ಬಟ್ಟೆ ಬಿಚ್ಚುದ್ರೆ ಹಂಗೇಯ."

"ಬಿಚ್ಚೋರ್ಯಾರು? ಅವಳಾ?"

ನಮ್ಮ ಬಾಯಿ ಕಟ್ಟಿತು. ಅಜ್ಜಿ ಹೇಳುತ್ತಾ ಹೋದಳು. ಮೂರು ಮಕ್ಕಳಾದ ಮೇಲೆ ಅವಳಿಗೊಂದು ರವಿಕೆ ಸಿಕ್ಕಿತಂತೆ, ದಣಿಗಳ ಮನೆಯ ಹಳೆಯದು, ಕಂಕುಳಲ್ಲಿ ಹರಿದದ್ದು. ಅದನ್ನು ತೊಟ್ಟು ಅವರ ಬೀದಿಗೆ ಹೋಗಲು ಮಾತ್ರ ಧೈರ್ಯವಿಲ್ಲ. "ಉಣಸೆಮರದ ಮರೇಲಿ ಬಿಚ್ಚಿ ಮಡ್ಲಿಗೆ ಕಟ್ಕತಿದ್ದೆ ಕನ್ರವ್ವಾ. ವಾಪಸ್ ಬರೋವಾಗ ಅಲ್ಲೇ ತೊಟ್ಕತಿದ್ದೆ."

ಇದು ಅಜ್ಜಿಯೊಬ್ಬಳ ಕತೆಯಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಟ್ಟಲೆ ಏಟು ತಿಂದರು. 1859ರಲ್ಲಿ ರಾಜಾಜ್ಞೆ ಬಂತು; ಆಗಲೂ ಮೇಲ್ಜಾತಿಯವರ ಹಾಗೆ ಉಡಕೂಡದು ಎಂಬ ಷರತ್ತು ಉಳಿಯಿತು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಂಗಸರನ್ನು ಕೂರಿಸಿಕೊಂಡು, ಜಾತಿಯನ್ನು ಸಾರಿ ಹೇಳುವ ಉಡುಗೆ ಬಿಡಿ ಅಂದರು. ಬಟ್ಟೆ ನಮಗೆ ಯಾವತ್ತೂ ಬರೀ ಬಟ್ಟೆಯಾಗಿರಲಿಲ್ಲ.

ಆ ರಾತ್ರಿಯೇ ಗೊಂಬೆಯನ್ನು ಬಿಚ್ಚಿದೆವು. ಮತ್ತೆ ಹೆಣೆಯುವಾಗ ಸೊಂಟದಿಂದ ಕೊರಳವರೆಗೆ ಕೆಂಪು ನೂಲು ಹಾಕಿದೆವು. ಸೊಂಟದ ಕೆಳಗೆ ಬಿಳಿಯದು. ರವಿಕೆ, ಚಡ್ಡಿ ಮೈಯಲ್ಲೇ ಹೆಣೆದುಕೊಂಡವು. ಕೋಟು ಬಿಚ್ಚಿದರೂ ಲಂಗ ಬಿಚ್ಚಿದರೂ ಆ ಹುಡುಗಿ ಬೆತ್ತಲೆಯಾಗಲಾರಳು.

ಅಂಗಡಿಯವನಿಗೆ ಸರಿಬರಲಿಲ್ಲ. "ಒಳಗಿಂದು ಯಾರಿಗಮ್ಮ ಕಾಣುತ್ತೆ? ನೂಲು ದಂಡ. ಗೊಂಬೆಗೆ ಹತ್ತು ರೂಪಾಯಿ ಮುರ್ಕೋತೀನಿ. ನಿಮಗೇನು, ಮನೇಲಿ ಸುಮ್ನೆ ಕೂತು ಮಾಡೋ ಕೆಲಸ."

ಈ ಮಾತು ಹೊಸದಲ್ಲ. ಆಂಧ್ರದ ನರಸಾಪುರದ ಕ್ರೋಶಾ ಲೇಸಿನ ಹೆಂಗಸರ ಮೇಲೆ ಜರ್ಮನಿಯ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ತಂದರು. ಆ ಲೇಸು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು. ಹೆಣೆದವರನ್ನು ಮಾತ್ರ ಗೃಹಿಣಿಯರು ಅಂತಲೇ ಕರೆಯುತ್ತಿದ್ದರು, ಅವರ ದುಡಿಮೆಯನ್ನು ಬಿಡುವಿನ ಕೆಲಸವೆಂದೇ ಎಣಿಸುತ್ತಿದ್ದರು. ಬಿಡುವು! ನಮ್ಮ ಕಣ್ಣು ಉರಿಯುವುದು ಯಾರ ಬಿಡುವಿನಲ್ಲಿ?

ನಮ್ಮಲ್ಲೂ ಒಬ್ಬಳು ಅಳುಕಿದಳು. ಮಗಳ ಫೀಸು ಕಟ್ಟಬೇಕಿತ್ತು. "ಹತ್ತು ರೂಪಾಯಿ ಹೋದ್ರೆ ಹೋಗ್ಲಿ, ಒಪ್ಕಳನ ಬನ್ರೇ" ಅಂದಳು. ಅವಳನ್ನು ಬೈಯಲು ನಮಗೆ ನಾಲಗೆ ಏಳಲಿಲ್ಲ. ನಾಲ್ಕು ಮನೆಯವರು ಕೈಲಾದಷ್ಟು ಹಾಕಿ ಫೀಸು ಕಟ್ಟಿದೆವು. ನೂಲಿನ ದುಡ್ಡು ಎಣಿಸಿಕೊಟ್ಟು ಆರು ಗೊಂಬೆಗಳನ್ನೂ ವಾಪಸು ತಂದೆವು.

ಏಪ್ರಿಲ್ 14ರಂದು ಜಯಂತಿಯ ಪೆಂಡಾಲಿನ ಪಕ್ಕ ಗೋಣಿತಾಟು ಹಾಸಿ ಕೂತೆವು. ಬೆಲೆ ನಾವೇ ಹೇಳಿದೆವು. ಆರರಲ್ಲಿ ನಾಲ್ಕು ಹೋದವು. ಉಳಿದದ್ದರಲ್ಲಿ ಒಂದನ್ನು ಫೀಸು ಕಟ್ಟಿದ ಹುಡುಗಿಗೆ ಕೊಟ್ಟೆವು.

ಇನ್ನೊಂದು ಅಜ್ಜಿಯ ಹತ್ತಿರ ಇದೆ. ಮಂಜುಗಣ್ಣಿನಲ್ಲೇ ಆಗಾಗ ಕೋಟು ಬಿಚ್ಚಿ ನೋಡುತ್ತಾಳೆ. ಕೆಂಪು ರವಿಕೆಯನ್ನು ಬೆರಳಲ್ಲಿ ಮುಟ್ಟಿ, ಮತ್ತೆ ಕೋಟು ತೊಡಿಸಿ, ಗೂಡಿನಲ್ಲಿ ಕೂರಿಸುತ್ತಾಳೆ.