ಹೊತ್ತಿಗೆಗೆ ಸಿಗದ ಹಿರಿಯರು

ಸುಗ್ಗಿಯ ಕಾಳು ಮನೆ ಸೇರಿತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಹೆಸರು ಹೇಳುವುದು ಅವರ ಕಸುಬು. ಮೂಲ ಊರು ಯಾವುದು, ಅದನ್ನು ಬಿಟ್ಟದ್ದು ಬರಕ್ಕೋ ದಾಯಾದಿ ಜಗಳಕ್ಕೋ, ಬೆಡಗು ಯಾವುದು, ಮನೆದೇವರು ಯಾರು, ಎಲ್ಲ ಅವರ ಹೊತ್ತಿಗೆಯಲ್ಲಿ ಉಂಟು. ತನ್ನ ಹೊಲದ ಬದು ದಾಟದ ಅಜ್ಜನೂ ಅವರ ಬಾಯಲ್ಲಿ ಶೂರನೇ. ಕೇಳುತ್ತ ಕುಳಿತವರ ಬೆನ್ನು ನೆಟ್ಟಗಾಗುತ್ತಿತ್ತು, ಒಳಗಿನಿಂದ ಮೊರದ ತುಂಬ ಜೋಳ ಬರುತ್ತಿತ್ತು.

ಆ ಹೆಮ್ಮೆ ನನಗೂ ಹಿಡಿಸುತ್ತದೆ. ಆದರೆ ಅಪ್ಪ ಅವ್ವ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು ಎಂದು ಹಿಂದಕ್ಕೆ ಎಣಿಸುತ್ತ ಹೋದರೆ ಹತ್ತನೆಯ ತಲೆಮಾರಿಗೆ 1,024 ಮಣೆ ಹಾಕಬೇಕು. ಸೋದರಮಾವನ ಮಗಳನ್ನೇ ತರುವ ನಮ್ಮ ರೂಢಿಯಿಂದ ಒಬ್ಬರೇ ಎರಡು ಮಣೆಯ ಮೇಲೆ ಕುಳಿತಿದ್ದಾರು! ಹೊತ್ತಿಗೆಗೆ ಸಿಕ್ಕವನು ಅವರಲ್ಲಿ ಒಬ್ಬನೇ ಗಂಡಸು. ನನ್ನ ಮುಂಗೋಪ ಅವನದೋ, ಹೆಸರಿಲ್ಲದೆ ಹೋದ ಯಾವ ಮುತ್ತಜ್ಜಿಯದೋ, ಹೇಳುವವರಾರು?

ಶಿಶುನಾಳ ಶರೀಫರನ್ನು ನೆನೆದರೆ ಲೆಕ್ಕ ಇನ್ನೂ ಸೊಗಸಾಗಿ ತಪ್ಪುತ್ತದೆ. 1819ರಲ್ಲಿ ಹುಟ್ಟಿದ್ದು ಮುಸ್ಲಿಂ ಮನೆಯಲ್ಲಿ, ಗುರುವಾಗಿ ಸಿಕ್ಕವರು ಕಳಸದ ಗೋವಿಂದಭಟ್ಟರು. ಆ ಗುರು ತಮ್ಮ ಜನಿವಾರವನ್ನೇ ಶಿಷ್ಯನಿಗೆ ಹಾಕಿದರೆಂದು ಜನ ಇಂದಿಗೂ ಹೇಳುತ್ತಾರೆ. ಹಾಗೆಂದು ಶರೀಫರು ಹುಟ್ಟಿದ ಮನೆಯ ಬಾಗಿಲು ಮುಚ್ಚಲಿಲ್ಲ. ಮೊಹರಂಗೆ ರಿವಾಯತ್ ಪದಗಳನ್ನೂ ಕಟ್ಟಿಕೊಟ್ಟರು. ಬಸವಣ್ಣನವರ ದಾರಿ ಬೇರೆ. ಅವರು ಹುಟ್ಟಿದ ಕುಲದ ಹಿರಿಮೆಯನ್ನು ಬದಿಗೊತ್ತಿ ಮಾದಾರ ಚೆನ್ನಯ್ಯನ ಬಳಗ ತಮ್ಮದೆಂದರು. ಒಬ್ಬರು ಹಳೆಯ ನಂಟು ಉಳಿಸಿಕೊಂಡೇ ಹೊಸದನ್ನು ಕೂಡಿಸಿಕೊಂಡರು, ಇನ್ನೊಬ್ಬರು ನಂಟಸ್ತಿಕೆಯನ್ನೇ ಹೊಸದಾಗಿ ಬರೆದರು.

ಇಷ್ಟು ದೊಡ್ಡ ಮಾತು ನನ್ನಂಥವರಿಗೆ ಒಗ್ಗದು. ನಮ್ಮ ಮನೆದೇವರು ಸವದತ್ತಿ ಎಲ್ಲಮ್ಮ. ಪಡ್ಡಲಗಿ ತುಂಬಿಸುವುದನ್ನು, ಭಂಡಾರ ಹಚ್ಚಿಕೊಳ್ಳುವುದನ್ನು ನನಗೆ ಯಾರೂ ಕಲಿಸಲಿಲ್ಲ, ಮನೆಯ ಗಾಳಿಯಲ್ಲೇ ಅದಿತ್ತು. ಆದರೆ ದೇವರ ಮುಂದೆ ಬೇಡುವುದನ್ನು ಬಿಟ್ಟು ಸುಮ್ಮನೆ ಹಾಡಲೂಬಹುದು ಎಂದು ತೋರಿಸಿದವರು ನಮ್ಮ ಓಣಿಯ ದರ್ಜಿ ಕಾಕಾ. ನಮ್ಮ ಬೆಡಗಿನವರಲ್ಲ, ಬೀಗರೂ ಅಲ್ಲ. ಸೋಮವಾರ ರಾತ್ರಿಯ ಭಜನೆಯಲ್ಲಿ ಏಕತಾರಿ ಅವರದು, ತಾಳ ನನ್ನದು. ನಾನು ಓಡಿದರೆ, “ಅವಸರ ಯಾಕೋ ತಮ್ಮಾ, ಪದ ಎಲ್ಲಿಗೂ ಓಡಿ ಹೋಗೂದಿಲ್ಲ” ಎನ್ನುತ್ತಿದ್ದರು. ಸಿಟ್ಟು ನೆತ್ತಿಗೇರಿದಾಗ ಇಂದಿಗೂ ನನ್ನನ್ನು ಹಿಡಿದು ನಿಲ್ಲಿಸುವುದು ಆ ಮಾತೇ. ಸಿಟ್ಟು ವಂಶದ್ದಿರಬಹುದು, ತಡೆ ಮಾತ್ರ ಕಾಕಾನದು.

ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಅವರ ಹೆಸರು ಬರೆಸುವಂತಿರಲಿಲ್ಲ. ಬರೆಸಿದ್ದರೆ ಅವರ ಮೊಮ್ಮಕ್ಕಳು ಹೊಲದಲ್ಲಿ ಪಾಲು ಕೇಳಿಯಾರು! ನಾಲ್ಕು ಎಕರೆ ಮಕ್ಕಳು ಮೊಮ್ಮಕ್ಕಳಿಗೆ ಹರಿದು ಹಂಚಿ ಗುಂಟೆಗೆ ಇಳಿಯುತ್ತದೆ. ಕಾಕಾ ಕೊಟ್ಟ ತಾಳ ಹಾಗಲ್ಲ, ಭಜನೆಯ ಸಾಲಿನಲ್ಲಿ ಕುಳಿತ ಹುಡುಗರಿಗೆಲ್ಲ ಇಡಿಯಾಗಿಯೇ ಸಿಕ್ಕಿತು.