ಅಪ್ಪನ ಲೇತಿಗೆ ಮೂರನೇ ಫೇಸು

ಗುಜರಿಯವನು ಲೇತಿನ ಸುತ್ತ ಎರಡು ಸುತ್ತು ಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕೆಜಿ ಲೆಕ್ಕದಲ್ಲಿ ರೇಟು ಹೇಳಿದ ದಿನ ನಾನು ಊರಲ್ಲಿದ್ದೆ. ಅಪ್ಪ ಹೂಂ ಅನ್ನಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ" ಅಂದು ಒಳಗೆ ಹೋಗಿ ಮಲಗಿದರು. ಮಧ್ಯಾಹ್ನ ಮಲಗುವ ಜಾಯಮಾನ ಅವರದಲ್ಲ.

ತಿಪಟೂರು ಕಡೆಯ ನಮ್ಮೂರಲ್ಲಿ ಮೂವತ್ತು ವರ್ಷ ಬಾಡಿಗೆ ಶೆಡ್ಡಿನಲ್ಲಿ ಪಂಪಿನ ಶಾಫ್ಟು, ಬುಷ್ಷು, ಟ್ರ್ಯಾಕ್ಟರಿನ ಪಿನ್ನು ಮಾಡಿಕೊಟ್ಟವರು ಅಪ್ಪ. ಶೆಡ್ಡಿನ ಜಾಗ ಮಾರಾಟವಾಯಿತು, ಲೇತು ನಮ್ಮ ಹಿತ್ತಲಿಗೆ ಬಂತು. ಅದರ 2 ಎಚ್‌ಪಿ ಮೋಟಾರಿಗೆ ಮೂರು ಫೇಸು ಬೇಕು. ಮನೆಯಲ್ಲಿರುವುದು ಒಂದೇ. ಹೊಸ ಲೈನು ಎಂದರೆ ಕಂಬ, ಡೆಪಾಸಿಟ್ಟು, ಓಡಾಟ. ಐದು ತಿಂಗಳಿಂದ ಅಮ್ಮ ಲೇತಿನ ಮೇಲೆ ಕೊಬ್ಬರಿ ಚೀಲ ಇಡುತ್ತಿದ್ದಳು.

ನನ್ನ ಪಿಎಚ್‌ಡಿ ತತ್ವಪದಗಳ ಮೇಲೆ. ಕರೆಂಟಿನ ಬಗ್ಗೆ ಗೊತ್ತಿದ್ದುದು ಫ್ಯೂಸು ಕಟ್ಟುವಷ್ಟು ಮಾತ್ರ. ಆ ರಾತ್ರಿ ಅಧ್ಯಾಯ ಬದಿಗಿಟ್ಟು ಮೋಟಾರಿನ ಬಗ್ಗೆ ಓದಲು ಕೂತೆ.

ಮೂರು ಫೇಸಿನ ಅಲೆಗಳು ಒಂದರ ಹಿಂದೊಂದು 120 ಡಿಗ್ರಿ ಅಂತರದಲ್ಲಿ ಬರುತ್ತವೆ. ಅದರಿಂದ ಮೋಟಾರಿನೊಳಗೆ ಕಾಂತಕ್ಷೇತ್ರ ಸುತ್ತುತ್ತದೆ, ರೋಟರು ಅದನ್ನು ಹಿಂಬಾಲಿಸುತ್ತದೆ. ಒಂದೇ ಫೇಸು ಕೊಟ್ಟರೆ ಕ್ಷೇತ್ರ ಸುತ್ತುವುದಿಲ್ಲ, ನಿಂತಲ್ಲೇ ಹಿಂದೆ ಮುಂದೆ ಜೀಕುತ್ತದೆ. ಮೋಟಾರು ಗುಂಯ್ ಎನ್ನುತ್ತಾ ಬಿಸಿಯಾಗುತ್ತದೆ, ತಿರುಗುವುದಿಲ್ಲ. ಯಾರಾದರೂ ಒಮ್ಮೆ ತಿರುಗಿಸಿಬಿಟ್ಟರೆ ಮಾತ್ರ ಓಡುತ್ತಲೇ ಇರುತ್ತದೆ.

ಇದನ್ನು ಹೇಳಿದಾಗ ಅಪ್ಪ ನಕ್ಕರು. "ಹಗ್ಗ ಸುತ್ತಿ ಎಳೀತಿದ್ವಿ ಕಣಮ್ಮ" ಎಂದರು. ತ್ರೀ ಫೇಸ್ ಹೋದ ಸಂಜೆಗಳಲ್ಲಿ ದೊಡ್ಡ ಮೋಟಾರೊಂದನ್ನು ಹಗ್ಗದಿಂದ ಎಬ್ಬಿಸಿ, ಅದು ಹುಟ್ಟಿಸುವ ಮೂರನೇ ಫೇಸಿನಿಂದ ಲೇತು ಓಡಿಸುತ್ತಿದ್ದರಂತೆ. ನಾನು ಪುಸ್ತಕದಲ್ಲಿ 'ರೋಟರಿ ಫೇಸ್ ಕನ್ವರ್ಟರ್' ಎಂದು ಓದಿದ್ದು ಅದೇ. "ಜೀವ ಇರ್ತಿರಲಿಲ್ಲ. ಸ್ವಲ್ಪ ಕಟ್ ಕೊಟ್ರೆ ನಿಂತೇ ಹೋಗೋದು." ಕೆಪಾಸಿಟರ್ ಹಾಕುವ ದಾರಿಯೂ ಇತ್ತು. ಆದರೆ ಒಂದು ಕೆಪಾಸಿಟರ್ ಒಂದು ಲೋಡಿಗಷ್ಟೇ ಹೊಂದುತ್ತದೆ. ಪಂಪಿಗೆ ಸರಿ, ಕ್ಷಣಕ್ಕೊಂದು ಭಾರ ಬೀಳುವ ಲೇತಿಗಲ್ಲ.

ಉಳಿದದ್ದು ವಿಎಫ್‌ಡಿ. ಮನೆಯ ಕರೆಂಟನ್ನು ಮೊದಲು ಡಿಸಿ ಮಾಡಿ, ಆಮೇಲೆ ಅದರಿಂದ ಮೂರು ಫೇಸು ಕಟ್ಟಿಕೊಡುವ ಪೆಟ್ಟಿಗೆ. ಆದರೆ ಅದರಿಂದ ಬರುವುದು ಸುಮಾರು 230 ವೋಲ್ಟು. ಮೋಟಾರಿನ ಮೇಲೆ ಬರೆದಿದ್ದುದು 415. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಮತ್ತೆ ತಗಡಿನ ಗ್ರೀಸು ಒರೆಸಿ ನೋಡಿದರೆ 'ಸ್ಟಾರ್' ಎಂದಿತ್ತು. ಸ್ಟಾರ್ ಜೋಡಣೆಯಲ್ಲಿ ಪ್ರತಿ ಸುರುಳಿಗೆ ಸಿಗುವುದು 415ನ್ನು 1.732ರಿಂದ ಭಾಗಿಸಿದಷ್ಟು, ಅಂದರೆ 240. ಈ ಸುರುಳಿಗಳು ಇಷ್ಟು ವರ್ಷವೂ ಉಂಡದ್ದು ನಮ್ಮ ಮನೆಯ ಬಲ್ಬಿನಷ್ಟೇ ವೋಲ್ಟು! ಡೆಲ್ಟಾ ಮಾಡಿದರೆ ಸಾಕಿತ್ತು.

ಆದರೆ ಮೋಟಾರಿನಿಂದ ಹೊರಗೆ ಬಂದಿದ್ದು ಮೂರೇ ವೈರು. ಉಳಿದ ಮೂರು ತುದಿಗಳು ಒಳಗೆ ವಾರ್ನಿಷ್ ಕುಡಿದು ಗಂಟಾಗಿದ್ದವು. ರಿವೈಂಡಿಂಗ್ ಅಂಗಡಿಯವನು ಕೈ ಹಾಕಲು ಒಲ್ಲೆನೆಂದ. ಕೊನೆಗೆ ಅಪ್ಪನೇ ಕನ್ನಡಕ ಹಾಕಿ, ದಾರ ಬಿಚ್ಚಿ, ಒಂದಿಡೀ ಬೆಳಿಗ್ಗೆ ಕೂತು ಆ ಗಂಟನ್ನು ಹುಡುಕಿ ಬಿಡಿಸಿದರು. ನಾನು ಟಾರ್ಚು ಹಿಡಿದೆ. ಫೆಲೋಶಿಪ್ಪಿನ ಬಾಕಿ ದುಡ್ಡಿನಲ್ಲಿ ಪೆಟ್ಟಿಗೆ ತರಿಸಿದೆ.

ಡ್ರೈವಿಗೂ ಮೋಟಾರಿಗೂ ನಡುವೆ ಸ್ವಿಚ್ಚು ಇರಬಾರದು, ಓಡುವಾಗ ಬಿಡಿಸಿದರೆ ಡ್ರೈವ್ ಸುಡಬಹುದು. ಹಾಗಾಗಿ ಅಪ್ಪ ಮೂವತ್ತು ವರ್ಷ ತಿರುವಿದ ಹಿಡಿಯ ವೈರು ಕಿತ್ತೆವು. ಈಗಲೂ ಅವರ ಕೈ ಮೊದಲು ಅಲ್ಲಿಗೇ ಹೋಗುತ್ತದೆ, ಆಮೇಲೆ ಗುಂಡಿಗೆ.

ಮೊದಲ ದಿನ ಲೇತು ಸಣ್ಣಗೆ ಶಿಳ್ಳೆ ಹಾಕುತ್ತಾ ತಿರುಗಿತು. ಅಪ್ಪ ಒಂದು ಹಳೇ ರಾಡಿನ ಮೇಲೆ ಕಟ್ ಕೊಟ್ಟರು, ನಿಲ್ಲಲಿಲ್ಲ. ಇನ್ನೊಂದು ಕೊಟ್ಟರು. ನೀಲಿ ಸುರುಳಿ ಸುರುಳಿಯಾಗಿ ಚೂರು ಬಿತ್ತು. ಆಫ್ ಮಾಡಿ, ಕೈ ಒರೆಸಿಕೊಂಡು, ಐದು ವರ್ಷದಲ್ಲಿ ಮೊದಲ ಸಲ ಕೇಳಿದರು: "ನಿನ್ನ ಥೀಸಿಸ್ ಎಲ್ಲಿಗೆ ಬಂತಮ್ಮ?"

ನನ್ನಲ್ಲಿ ಉತ್ತರ ಇರಲಿಲ್ಲ. ಮಾರನೆಯ ದಿನವೇ ಬಸ್ಸು ಹತ್ತಿದೆ.